ಮೃಗಾಲಯದಲ್ಲಿ ಕ್ಯಾಮೆರಾ

ಕಾಡಿನಲ್ಲಿ ಹುಲಿಯ ಚಿತ್ರ ತೆಗೆಯಲು ಹೊರಟವರ ಹೊತ್ತೆಲ್ಲ ಹುಲಿಯನ್ನು ಹುಡುಕುವುದರಲ್ಲೇ ಕಳೆಯುತ್ತದೆ. ಮೃಗಾಲಯದಲ್ಲಿ ಆ ಹುಡುಕಾಟವಿಲ್ಲ. ಯಾವ ಪ್ರಾಣಿ ಎಲ್ಲಿದೆ ಎಂಬುದು ಫಲಕದ ಮೇಲೇ ಬರೆದಿರುತ್ತದೆ. ಹತ್ತಿಪ್ಪತ್ತು ಮೀಟರ್ ದೂರದಲ್ಲಿ ಅದು ಮಲಗಿರುತ್ತದೆ ಇಲ್ಲವೇ ಓಡಾಡುತ್ತಿರುತ್ತದೆ. ಇಷ್ಟಿದ್ದೂ ಮೃಗಾಲಯದಿಂದ ಮನೆಗೆ ಬರುವ ಬಹುಪಾಲು ಚಿತ್ರಗಳಲ್ಲಿ ಎದ್ದು ಕಾಣುವುದು ಸಿಮೆಂಟು ಗೋಡೆ, ಜಾಲರಿಯ ಮಸುಕು ಗೆರೆ, ಗಾಜಿನಲ್ಲಿ ಮೂಡಿದ ಜನರ ಬಿಂಬ ಮತ್ತು ಮೂಲೆಯಲ್ಲಿ ಬೆನ್ನು ತಿರುಗಿಸಿ ಮಲಗಿದ ಒಂದು ಆಕೃತಿ. ಇದಕ್ಕೆ ದುಬಾರಿ ಲೆನ್ಸಿನ ಕೊರತೆಗಿಂತ ಎರಡು ತಿಳಿವಳಿಕೆಗಳ ಕೊರತೆಯೇ ಹೆಚ್ಚು ಕಾರಣ. ನೋಡುವವರಿಗೂ ಪ್ರಾಣಿಗೂ ನಡುವೆ ಇರುವ ತಡೆ ಬೆಳಕನ್ನು ಏನು ಮಾಡುತ್ತದೆ ಎಂಬುದು ಒಂದು. ಆ ಪ್ರಾಣಿ ದಿನದ ಯಾವ ಹೊತ್ತಿನಲ್ಲಿ ಏನು ಮಾಡುತ್ತದೆ ಎಂಬುದು ಇನ್ನೊಂದು.

ಜೀವಂತ ಕಾಡುಪ್ರಾಣಿಗಳ ಛಾಯಾಚಿತ್ರಣ ಬಹುಮಟ್ಟಿಗೆ ಶುರುವಾದದ್ದೇ ಮೃಗಾಲಯಗಳಲ್ಲಿ. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಕ್ಯಾಮೆರಾ ಎಂದರೆ ಭಾರವಾದ ಮರದ ಪೆಟ್ಟಿಗೆ. ಒಂದು ಚಿತ್ರಕ್ಕೆ ಬೆಳಕು ಹಲವು ಸೆಕೆಂಡು ಬೀಳಬೇಕಿತ್ತು. ಅಂಥ ಕ್ಯಾಮೆರಾಕ್ಕೆ ಸಿಗುತ್ತಿದ್ದುದು ಅಲುಗಾಡದ ಪ್ರಾಣಿ ಮಾತ್ರ. 1850ರಲ್ಲಿ ಈಜಿಪ್ಟಿನಿಂದ ಲಂಡನ್ನಿಗೆ ತರಲಾದ ಒಬೈಶ್ ಎಂಬ ನೀರಾನೆಯ ಚಿತ್ರವನ್ನು 1852ರಲ್ಲಿ ಸ್ಪೇನಿನ ರಾಜವಂಶಸ್ಥ ಕೌಂಟ್ ಆಫ್ ಮಾಂಟಿಜಾನ್ ತೆಗೆದ. ಕೊಳದ ಅಂಚಿನಲ್ಲಿ ನೀರಾನೆ ಮೈಚೆಲ್ಲಿ ಮಲಗಿದೆ, ಹಿಂದಿನ ಸರಳುಗಳ ಆಚೆ ಜನ ನಿಂತು ಇಣುಕುತ್ತಿದ್ದಾರೆ. ಮೃಗಾಲಯದ ಚಿತ್ರ ಹೇಗಿರಬಹುದು ಎಂಬುದಕ್ಕೆ ಇಂದಿಗೂ ಅದೊಂದು ಒಳ್ಳೆಯ ಮಾದರಿ.

ಆ ಕಾಲದ ಕೆಲವು ಚಿತ್ರಗಳಿಗೆ ಈಗ ಬೆಲೆ ಕಟ್ಟುವಂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿದ್ದ ಕ್ವಾಗಾ ಎಂಬ ಜೀಬ್ರಾಕ್ಕೆ ಮೈಯ ಮುಂಭಾಗದಲ್ಲಷ್ಟೇ ಪಟ್ಟೆಗಳಿದ್ದವು. ಜೀವಂತ ಕ್ವಾಗಾದ ಚಿತ್ರಗಳೆಂದು ತಿಳಿದಿರುವುದು ಐದೇ ಐದು. ಅವೆಲ್ಲವೂ ಲಂಡನ್ ಮೃಗಾಲಯದಲ್ಲಿದ್ದ ಒಂದೇ ಹೆಣ್ಣು ಕ್ವಾಗಾದವು, 1863ರಿಂದ 1870ರ ನಡುವಿನವು. ಕೊನೆಯ ಕ್ವಾಗಾ 1883ರ ಆಗಸ್ಟ್ 12ರಂದು ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಿತು. ಟಾಸ್ಮೇನಿಯಾದ ಥೈಲಸೀನ್‌ನ ಕಥೆಯೂ ಇಂಥದೇ. ಹೊಟ್ಟೆಚೀಲದ ಈ ಬೇಟೆಪ್ರಾಣಿ ನಡೆಯುವ, ಆಕಳಿಸುವ, ಮಲಗುವ ಬಗೆಯನ್ನು ಇಂದು ನೋಡಲು ಸಾಧ್ಯವಾಗಿರುವುದು ಮುಖ್ಯವಾಗಿ ಹೋಬಾರ್ಟ್ ಮೃಗಾಲಯದಲ್ಲಿ ತೆಗೆದ ಕೆಲವು ತುಣುಕು ಚಲನಚಿತ್ರಗಳಿಂದ. 1933ರಲ್ಲಿ ಡೇವಿಡ್ ಫ್ಲೇ ಎಂಬ ನಿಸರ್ಗತಜ್ಞ ಬೋನಿನೊಳಗೇ ನಿಂತು ಚಿತ್ರೀಕರಿಸುವಾಗ ಆ ಪ್ರಾಣಿ ಹಿಂದಿನಿಂದ ಬಂದು ಅವನನ್ನು ಕಚ್ಚಿತ್ತು. ಸೆರೆಯಲ್ಲಿದ್ದ ಕೊನೆಯ ಥೈಲಸೀನ್ 1936ರ ಸೆಪ್ಟೆಂಬರಿನಲ್ಲಿ ಅದೇ ಮೃಗಾಲಯದಲ್ಲಿ ಸತ್ತಿತು. ಮೃಗಾಲಯದ ಚಿತ್ರಗಳನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಈ ಎರಡು ಪ್ರಾಣಿಗಳನ್ನು ನೆನೆಯುವುದು ಒಳ್ಳೆಯದು.

ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕಿಂತ ಒಳ್ಳೆಯ ಜಾಗವಿಲ್ಲ. ಹತ್ತನೇ ಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ, 1892ರಲ್ಲಿ ಆರಂಭವಾದ ಇದಕ್ಕೆ 1909ರಲ್ಲಿ ಅವರ ಹೆಸರಿಡಲಾಯಿತು. ಹಳೆಯ ಮರಗಳ ನೆರಳು ದಟ್ಟವಾಗಿರುವುದರಿಂದ ಬಿಸಿಲೇರಿದ ಮೇಲೂ ಹಲವು ಆವರಣಗಳಲ್ಲಿ ಬೆಳಕು ಮೆದುವಾಗಿರುತ್ತದೆ. ಪಕ್ಕದ ಕಾರಂಜಿ ಕೆರೆಯ ಉದ್ಯಾನದಲ್ಲಿ ಜನ ಒಳಗೇ ನಡೆದಾಡಬಹುದಾದ ದೊಡ್ಡ ಪಕ್ಷಿಪಂಜರವಿದೆ. ಅಲ್ಲಿ ಹಕ್ಕಿಗೂ ಲೆನ್ಸಿಗೂ ನಡುವೆ ಜಾಲರಿಯೇ ಇಲ್ಲ. ವಾರದ ರಜೆ ಮಂಗಳವಾರ. ಭಾನುವಾರವನ್ನೂ ದಸರೆಯ ದಿನಗಳನ್ನೂ ಬಿಟ್ಟು, ವಾರದ ನಡುವೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಮೇಲು. ಬೆಳಗಿನ ತಂಪಿನಲ್ಲಿ ಪ್ರಾಣಿಗಳು ಓಡಾಡುತ್ತಿರುತ್ತವೆ, ಬೆಳಕು ಓರೆಯಾಗಿ ಬೀಳುತ್ತದೆ, ಜನಸಂದಣಿಯೂ ಇರುವುದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಸಿಂಹ, ಹುಲಿ, ಚಿರತೆಗಳ ಬಳಿ ಕಾಯುವುದು ವ್ಯರ್ಥ. ಸಿಂಹ ದಿನದ ಇಪ್ಪತ್ತು ಗಂಟೆಯವರೆಗೂ ಮಲಗಿ ಕಳೆಯಬಲ್ಲದು. ಆ ಹೊತ್ತು ಕೋತಿಗಳಿಗೆ, ಹಕ್ಕಿಗಳಿಗೆ, ಹಾವುಗಳ ಮನೆಗೆ ಮೀಸಲು.

ತಡೆಗಳಲ್ಲಿ ಮೊದಲನೆಯದು ಜಾಲರಿ. ಕಣ್ಣಿಗೆ ಸ್ಪಷ್ಟವಾಗಿ ಕಾಣುವ ತಂತಿಯನ್ನು ಚಿತ್ರದಲ್ಲಿ ಪೂರ್ತಿಯಾಗಿ ಮಾಯಮಾಡಬಹುದು. ಅದರ ಹಿಂದೆ ಸರಳವಾದ ಲೆಕ್ಕವಿದೆ. 200 ಮಿ.ಮೀ. ಲೆನ್ಸನ್ನು ಎಫ್ 4ಕ್ಕೆ ತೆರೆದರೆ ಬೆಳಕು ಒಳಬರುವ ಕಿಂಡಿಯ ಅಗಲ 50 ಮಿ.ಮೀ. ಅದರ ಮುಂದೆಯೇ 3 ಮಿ.ಮೀ. ದಪ್ಪದ ತಂತಿಯೊಂದು ಅಡ್ಡಬಂದರೆ ಅದು ತಡೆಯುವುದು ನೂರಕ್ಕೆ ಎಂಟು ಪಾಲಿನಷ್ಟು ಬೆಳಕನ್ನು ಮಾತ್ರ. ಉಳಿದ ಬೆಳಕು ತಂತಿಯ ಎರಡೂ ಬದಿಯಿಂದ ಒಳಬಂದು ಹುಲಿಯ ಚಿತ್ರವನ್ನು ಪೂರ್ಣವಾಗಿ ಮೂಡಿಸುತ್ತದೆ. ತಂತಿಯ ನೆರಳು ಚಿತ್ರದ ತುಂಬ ತೆಳುವಾಗಿ ಹರಡಿ ಗುರುತೇ ಸಿಗದಂತಾಗುತ್ತದೆ. ಅದೇ ಲೆನ್ಸನ್ನು ಎಫ್ 16ಕ್ಕೆ ಕಿರಿದುಮಾಡಿದರೆ ಕಿಂಡಿ 12.5 ಮಿ.ಮೀ.ಗೆ ಇಳಿಯುತ್ತದೆ, ಅದೇ ತಂತಿ ನೂರಕ್ಕೆ ಮೂವತ್ತು ಪಾಲು ಬೆಳಕನ್ನು ನುಂಗುತ್ತದೆ, ಚಿತ್ರದ ಮೇಲೆ ಬೂದುಬಣ್ಣದ ಚೌಕಗಳು ಮೂಡುತ್ತವೆ. ಜಾಲರಿಯ ಮುಂದೆ ಈ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಆದಷ್ಟೂ ಅಗಲವಾಗಿ ತೆರೆಯಬೇಕು ಎನ್ನುವುದು ಇದಕ್ಕೇ.

ಇನ್ನೂ ಮೂರು ಸಂಗತಿಗಳು ಇದರ ಜೊತೆಗೆ ಕೂಡಿಬರಬೇಕು. ಲೆನ್ಸು ಜಾಲರಿಗೆ ಆದಷ್ಟೂ ಹತ್ತಿರವಿರಬೇಕು, ಪ್ರಾಣಿ ಜಾಲರಿಯಿಂದ ಆದಷ್ಟೂ ದೂರವಿರಬೇಕು, ತಂತಿಯ ಮೇಲೆ ಬಿಸಿಲು ಬೀಳಬಾರದು. ಮೂರನೆಯದನ್ನು ಹೊಸಬರು ಗಮನಿಸುವುದೇ ಇಲ್ಲ. ಬಿಸಿಲು ಬಿದ್ದ ತಂತಿ ತಾನೇ ಬೆಳಕು ಚೆಲ್ಲುತ್ತದೆ, ಚಿತ್ರಕ್ಕೆ ಹಾಲು ಬಳಿದಂಥ ಮಬ್ಬು ಬರುತ್ತದೆ. ಒಂದೇ ಆವರಣದ ಸುತ್ತ ನಡೆದರೆ ಜಾಲರಿ ನೆರಳಿನಲ್ಲಿರುವ ಒಂದು ಬದಿ ಹೆಚ್ಚಾಗಿ ಸಿಕ್ಕೇಸಿಗುತ್ತದೆ. ಲೆನ್ಸನ್ನು ಹತ್ತಿರ ಒಯ್ಯುವುದಕ್ಕೂ ಮಿತಿಯಿದೆ. ದೊಡ್ಡ ಪ್ರಾಣಿಗಳ ಜಾಲರಿಗೂ ಜನರಿಗೂ ನಡುವೆ ಒಂದು ಕಟಕಟೆ ಇರುತ್ತದೆ. ಅದನ್ನು ದಾಟುವುದಾಗಲಿ ಅದರ ಮೇಲೆ ಮೈಚಾಚುವುದಾಗಲಿ ಸಲ್ಲದು; ಚಿರತೆಯ ಪಂಜ ಜಾಲರಿಯ ಕಂಡಿಯಲ್ಲಿ ಹೊರಬರಲು ಕ್ಷಣ ಸಾಕು. ಕಟಕಟೆಯ ಈಚೆಯೇ ನಿಂತು, 300 ಮಿ.ಮೀ.ನಂಥ ಉದ್ದದ ಲೆನ್ಸ್ ಹಿಡಿದು, ಪ್ರಾಣಿ ಆವರಣದ ಹಿಂಬದಿಗೆ ಹೋಗುವವರೆಗೆ ಕಾಯುವುದೇ ದಾರಿ.

ಕ್ಯಾಮೆರಾದ ತಾನಾಗಿಯೇ ಫೋಕಸ್ ಮಾಡುವ ವ್ಯವಸ್ಥೆ ಜಾಲರಿಯ ಮುಂದೆ ಮೋಸಹೋಗುತ್ತದೆ. ಅದಕ್ಕೆ ಹತ್ತಿರದ, ಸ್ಪಷ್ಟ ಅಂಚಿನ ವಸ್ತುವೇ ಮೊದಲು ಕಾಣುವುದು. ಹಾಗಾಗಿ ತಂತಿ ಚೂಪಾಗಿ, ಹಿಂದಿನ ಹುಲಿ ಮಸುಕಾಗಿ ಬರುತ್ತದೆ. ಫೋಕಸ್ ಬಿಂದುವನ್ನು ಒಂದೇ ಒಂದಕ್ಕೆ ಸೀಮಿತಗೊಳಿಸಿ ಅದನ್ನು ತಂತಿಗಳ ನಡುವಿನ ಕಂಡಿಯಲ್ಲಿ ಪ್ರಾಣಿಯ ಕಣ್ಣಿನ ಮೇಲೆ ಇಡಬೇಕು. ಹಲವು ಟೆಲಿ ಲೆನ್ಸುಗಳಲ್ಲಿ ಹತ್ತಿರದ ವಸ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ತಡೆಯುವ ಒಂದು ಗುಂಡಿ ಇರುತ್ತದೆ. ಅದು ನಿಜಕ್ಕೂ ನೆರವಿಗೆ ಬರುವುದು ಇಲ್ಲೇ. ಇದಾವುದೂ ಆಗದಿದ್ದರೆ ಕೈಯಿಂದಲೇ ಫೋಕಸ್ ಉಂಗುರ ತಿರುಗಿಸುವುದು ಹಳೆಯ, ನಂಬಿಕೆಯ ವಿಧಾನ.

ಈ ಒಂದು ವಿಷಯದಲ್ಲಿ ಮೊಬೈಲ್ ಫೋನು ದೊಡ್ಡ ಕ್ಯಾಮೆರಾಕ್ಕಿಂತ ಮೇಲು. ಅದರ ಲೆನ್ಸು ಎಷ್ಟು ಚಿಕ್ಕದೆಂದರೆ ಜಾಲರಿಯ ಒಂದೇ ಕಂಡಿಯಲ್ಲಿ ಪೂರ್ತಿ ಹಿಡಿಸುತ್ತದೆ. ಹಕ್ಕಿಗಳ ಗೂಡಿನಂಥ, ಹತ್ತಿರ ನಿಲ್ಲಲು ಅಡ್ಡಿಯಿಲ್ಲದ ಕಡೆ ಫೋನನ್ನು ಕಂಡಿಗೆ ಒಡ್ಡಿದರೆ ತಂತಿಯ ಸಮಸ್ಯೆಯೇ ಇರುವುದಿಲ್ಲ. ಆದರೆ ಫೋನಿನ ಡಿಜಿಟಲ್ ಜೂಮ್ ಪ್ರಾಣಿಯನ್ನು ಹತ್ತಿರ ತರುವುದಿಲ್ಲ. ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೆ. ಹಿನ್ನೆಲೆಯನ್ನು ಮಸುಕುಮಾಡುವ ಪೋರ್ಟ್ರೇಟ್ ವ್ಯವಸ್ಥೆ ಮನುಷ್ಯರ ಮುಖಕ್ಕೆಂದೇ ರೂಪುಗೊಂಡದ್ದು. ಹುಲಿಯ ಮೀಸೆಯ ಕೂದಲು, ಜಿಂಕೆಯ ಕೊಂಬಿನ ತುದಿಗಳನ್ನು ಅದು ಹಲವು ಸಲ ಹಿನ್ನೆಲೆಯೆಂದು ತಿಳಿದು ಅಳಿಸಿಬಿಡುತ್ತದೆ.

ಗಾಜಿನ ಆವರಣದಲ್ಲಿ ಕೆಲಸ ಕೆಡಿಸುವುದು ಪ್ರತಿಬಿಂಬ. ಲೆನ್ಸಿನ ಮುಂದೆ ರಬ್ಬರಿನ ಹುಡ್ ಹಾಕಿ ಅದನ್ನು ಗಾಜಿಗೆ ಮೆಲ್ಲನೆ ಒತ್ತಿಹಿಡಿದರೆ ಪಕ್ಕದಿಂದ ಬೆಳಕು ನುಸುಳುವುದು ನಿಲ್ಲುತ್ತದೆ. ಹುಡ್ ಇಲ್ಲದಿದ್ದರೆ ಅಂಗೈಯನ್ನೇ ಮರೆಮಾಡಬಹುದು. ಗಾಢಬಣ್ಣದ ಬಟ್ಟೆ ತೊಟ್ಟವರ ಬಿಂಬ ಗಾಜಿನಲ್ಲಿ ಕಡಿಮೆ ಮೂಡುತ್ತದೆ. ಪೋಲರೈಸರ್ ಶೋಧಕ ಗಾಜಿನ ಪ್ರತಿಬಿಂಬವನ್ನು ಕಳೆಯುತ್ತದೆ ಎಂಬ ಮಾತು ಅರ್ಧ ನಿಜ. ಗಾಜಿನ ನೇರಕ್ಕೆ ನಿಂತಾಗ ಅದರಿಂದ ಉಪಯೋಗವಿಲ್ಲ. ನೇರದಿಂದ ಸುಮಾರು 56 ಡಿಗ್ರಿ ಓರೆಯಾಗಿ ನಿಂತಾಗ ಅದರ ಪರಿಣಾಮ ಅತಿ ಹೆಚ್ಚು. ಆದರೆ ಅಷ್ಟು ಓರೆಯಲ್ಲಿ ದಪ್ಪ ಗಾಜಿನ ಮೂಲಕ ನೋಡಿದರೆ ಪ್ರಾಣಿಯ ಆಕಾರವೇ ಕದಡುತ್ತದೆ. ಜೊತೆಗೆ ಆ ಶೋಧಕ ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಬೆಳಕನ್ನೂ ಕಸಿಯುತ್ತದೆ. ಅದು ನಿಜಕ್ಕೂ ಉಪಕಾರಿಯಾಗುವುದು ನೀರಿನ ಬಳಿ: ಕೊಳದ ಮೇಲ್ಮೈಯ ಹೊಳಪು ಅಳಿಸಿ, ನೀರೊಳಗಿನ ಮೊಸಳೆಯ ಮೈಯನ್ನು ತೋರಿಸುತ್ತದೆ.

ಹಾವುಗಳ ಮನೆಯಂಥ ಕಡೆ ಕೃತಕ ದೀಪಗಳಿರುತ್ತವೆ. ಭಾರತದ ವಿದ್ಯುತ್ತು 50 ಹರ್ಟ್ಜ್‌ನದು. ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಆದರೆ ವೇಗದ ಶಟರಿನಲ್ಲಿ ಚಿತ್ರದ ಮೇಲೆ ಅಡ್ಡಪಟ್ಟೆಗಳಾಗಿ ಮೂಡುತ್ತದೆ. ಶಟರನ್ನು 1/100 ಅಥವಾ 1/50 ಸೆಕೆಂಡಿಗೆ ಇಳಿಸಿದರೆ ಅವು ಮಾಯವಾಗುತ್ತವೆ. ಹೆಬ್ಬಾವು ಅಲುಗಾಡದೆ ಬಿದ್ದಿರುವ ಪ್ರಾಣಿಯಾದ್ದರಿಂದ ಅಷ್ಟು ನಿಧಾನದ ಶಟರೂ ಸಾಕಾಗುತ್ತದೆ.

ಮೂರನೆಯ ತಡೆ ಕಂದಕ. ಸರಳು, ಜಾಲರಿ ಏನೂ ಇಲ್ಲದೆ ಪ್ರಾಣಿ ಬಯಲಿನಲ್ಲಿ ನಿಂತಂತೆ ಕಾಣುವ ಆವರಣಗಳನ್ನು ಪ್ರಸಿದ್ಧಗೊಳಿಸಿದವನು ಜರ್ಮನಿಯ ಕಾರ್ಲ್ ಹಾಗನ್‌ಬೆಕ್. ಹ್ಯಾಂಬರ್ಗಿನ ಬಳಿ 1907ರಲ್ಲಿ ತೆರೆದ ಅವನ ಮೃಗಾಲಯದ ಮಾದರಿ ಜಗತ್ತಿಗೆಲ್ಲ ಹರಡಿತು. ಮೈಸೂರಿನಲ್ಲಿ ಜಿರಾಫೆಗಳೂ ಆನೆಗಳೂ ಕಾಣುವುದು ಇಂಥ ಕಂದಕದ ಆಚೆಗೆ. ಛಾಯಾಗ್ರಾಹಕರಿಗೆ ಇದು ವರ, ಒಂದು ತೊಡಕಿನೊಂದಿಗೆ: ಹುಲಿ, ಕರಡಿಗಳಂಥ ಪ್ರಾಣಿಗಳನ್ನು ಜನ ಮೇಲಿನಿಂದ ಕೆಳಗೆ ನೋಡುವಂತಾಗುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಬೆನ್ನು ದೊಡ್ಡದಾಗಿ, ಕಾಲು ಮೋಟಾಗಿ, ಪ್ರಾಣಿಯ ಗಾಂಭೀರ್ಯವೇ ಹೋಗುತ್ತದೆ. ಕಟ್ಟೆಯ ಅಂಚಿಗೆ ಮುನ್ನುಗ್ಗುವ ಬದಲು ಹಿಂದೆ ಸರಿದು ಉದ್ದದ ಲೆನ್ಸ್ ಬಳಸಿದರೆ ನೋಟದ ಇಳಿಜಾರು ಕಡಿಮೆಯಾಗುತ್ತದೆ, ಹಿಂದಿನ ಗೋಡೆಯೂ ಮಸುಕಾಗುತ್ತದೆ. ಮಗುವಿನ ಎತ್ತರಕ್ಕೆ ಕುಳಿತು ನೋಡಿದರೆ ಇನ್ನೂ ಒಳ್ಳೆಯದು.

ಬೆಳಕಿನ ಅಳತೆಯಲ್ಲಿ ಕ್ಯಾಮೆರಾ ಹೇಳಿದ್ದನ್ನೆಲ್ಲ ನಂಬುವಂತಿಲ್ಲ. ಅದರ ಬೆಳಕುಮಾಪಕ ಎದುರಿನ ದೃಶ್ಯವನ್ನು ನಡುಬೂದಿಯ ಮಟ್ಟಕ್ಕೆ ತರಲು ನೋಡುತ್ತದೆ. ಕರಡಿ, ಕಾಟಿ, ಗೊರಿಲ್ಲಾಗಳಂಥ ಕಪ್ಪು ಪ್ರಾಣಿ ಚಿತ್ರದ ತುಂಬ ಇದ್ದರೆ ಅದು ಬೆಳಕು ಸಾಲದೆಂದು ಭಾವಿಸಿ ಹೆಚ್ಚು ಬೆಳಕು ತೆಗೆದುಕೊಳ್ಳುತ್ತದೆ. ಕರಿಯ ಮೈ ಬೂದಿಯಾಗುತ್ತದೆ. ಅಲ್ಲಿ ಎಕ್ಸ್‌ಪೋಷರನ್ನು ಒಂದು ಸ್ಟಾಪಿನವರೆಗೆ ತಗ್ಗಿಸಬೇಕು. ಬಿಳಿ ನವಿಲು, ಬಿಳಿ ಹುಲಿಗಳಿಗೆ ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕು. ಶಟರಿನ ವೇಗದ ವಿಷಯ ಸುಲಭ: ನಿಂತ ಪ್ರಾಣಿಗೆ ಲೆನ್ಸಿನ ಉದ್ದದಷ್ಟೇ ವೇಗ, ಅಂದರೆ 300 ಮಿ.ಮೀ.ಗೆ 1/300 ಸೆಕೆಂಡಿನ ಆಸುಪಾಸು. ನಡೆಯುವುದಕ್ಕೆ 1/500, ಜಿಗಿತಕ್ಕೆ 1/1000ಕ್ಕೂ ಮೇಲೆ.

ಇಷ್ಟು ಕಲಿಯಲು ಕೆಲವು ದಿನ ಸಾಕು. ಪ್ರಾಣಿಯ ಮುಖವನ್ನೂ ಮೈಯನ್ನೂ ಓದಲು ಕಲಿಯುವುದಕ್ಕೆ ಹೆಚ್ಚು ಕಾಲ ಬೇಕು. ಒಳ್ಳೆಯ ಚಿತ್ರಕ್ಕೂ ಸಾಧಾರಣ ಚಿತ್ರಕ್ಕೂ ವ್ಯತ್ಯಾಸ ಹುಟ್ಟುವುದು ಅಲ್ಲಿ. ಹಲ್ಲು ಕಿಸಿದ ಚಿಂಪಾಂಜಿಯ ಚಿತ್ರ ‘ನಗುವ ಚಿಂಪಾಂಜಿ’ ಎಂಬ ಹೆಸರಿನಲ್ಲಿ ಎಷ್ಟೋ ಕ್ಯಾಲೆಂಡರುಗಳಲ್ಲಿ ಅಚ್ಚಾಗಿದೆ. ತುಟಿ ಹಿಂದೆಳೆದು ಎರಡೂ ಸಾಲು ಹಲ್ಲು ತೋರುವುದು ಚಿಂಪಾಂಜಿಗಳಲ್ಲಿ ಹೆಚ್ಚಾಗಿ ಭಯದ, ಶರಣಾಗತಿಯ ಗುರುತು. ಅವು ಆಟದಲ್ಲಿ ಸಂತೋಷಪಡುವಾಗ ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮೇಲಿನ ಹಲ್ಲು ತುಟಿಯ ಮರೆಯಲ್ಲಿರುತ್ತದೆ. ‘ಗರ್ಜಿಸುವ ಸಿಂಹ’ ಎಂದು ಹೆಸರು ಹೊತ್ತ ಚಿತ್ರಗಳಲ್ಲಿ ಬಹಳಷ್ಟು ಆಕಳಿಕೆಯವು. ಆಕಳಿಸುವಾಗ ಕಣ್ಣು ಮುಚ್ಚಿ, ನಾಲಗೆ ಸುರುಳಿಯಾಗಿ, ಬಾಯಿ ಪೂರ್ತಿ ತೆರೆಯುತ್ತದೆ. ಗರ್ಜಿಸುವಾಗ ತುಟಿಗಳು ಅರೆತೆರೆದು ಮುಂದೆ ಚಾಚಿ, ಹೊಟ್ಟೆಯ ಪಕ್ಕಗಳು ಒಳಸೇರುತ್ತವೆ. ಹುಲಿ ಒಂದು ಕಡೆ ಮೂಸಿ ನೋಡಿ, ಮೂಗು ಸುಕ್ಕಿಸಿ, ನಾಲಗೆ ಹೊರಚಾಚಿ ಅಸಹ್ಯಪಟ್ಟಂತೆ ಮುಖ ಮಾಡಿದರೆ ಅದು ಇನ್ನೊಂದು ಹುಲಿಯ ಮೂತ್ರದ ವಾಸನೆಯನ್ನು ಅಂಗುಳಿನ ಮೇಲಿರುವ ವಿಶೇಷ ಅಂಗಕ್ಕೆ ತಲಪಿಸುತ್ತಿದೆ ಎಂದು ಅರ್ಥ. ನೀರಾನೆ ಬಾಯಿ ಕಳೆದು ಕೋರೆ ತೋರಿಸುವುದು ಸಾಮಾನ್ಯವಾಗಿ ಎದುರಾಳಿಗೆ ಕೊಡುವ ಎಚ್ಚರಿಕೆ. ಇವನ್ನು ತಿಳಿದವರು ಆ ಕ್ಷಣ ಬರುವ ಮುನ್ನವೇ ಕ್ಯಾಮೆರಾ ಎತ್ತಿರುತ್ತಾರೆ. ಸಿಂಹ ಎದ್ದು ಮುಂಗಾಲು ಚಾಚಿ ಮೈಮುರಿದರೆ ಅದರ ಹಿಂದೆಯೇ ಆಕಳಿಕೆ ಬರುವುದುಂಟು. ಹಕ್ಕಿ ಮಲ ವಿಸರ್ಜಿಸಿದ ಬೆನ್ನಿಗೇ ಹಾರುವುದುಂಟು.

ಒಂದೇ ಪ್ರಾಣಿಯ ಮುಂದೆ ತಾಸುಗಟ್ಟಲೆ ಕೂರುವವರಿಗೆ ಅದರ ದಿನಚರಿಯೂ ಸಿಗುತ್ತದೆ. ಪ್ರಾಣಿಪಾಲಕರು ಆಹಾರ ತರುವ ಹೊತ್ತಿಗೆ ಸ್ವಲ್ಪ ಮುಂಚೆ ಹುಲಿಯೂ ಕರಡಿಯೂ ಬಾಗಿಲ ಕಡೆ ಕಿವಿ ನಿಮಿರಿಸಿ ನಿಲ್ಲುತ್ತವೆ. ಸ್ನಾನವಾದ ಆನೆ ಮಣ್ಣೆರಚಿಕೊಳ್ಳುತ್ತದೆ. ಓರೆಬೆಳಕಿನಲ್ಲಿ ಆ ಧೂಳು ಚಿನ್ನದಂತೆ ಹೊಳೆಯುತ್ತದೆ. ಪಾಲಕರೊಡನೆ ವಿನಯದಿಂದ ಮಾತಾಡಿದರೆ ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿಗಳು ತಿಳಿಯುತ್ತವೆ. ಪ್ರಾಣಿಗಳನ್ನು ಒಂದೊಂದಾಗಿ ಗುರುತಿಸುವುದೂ ಸಾಧ್ಯವಾಗುತ್ತದೆ. ಹುಲಿಯ ಪಟ್ಟೆ, ಜಿರಾಫೆಯ ಮಚ್ಚೆ ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಹುಲಿಯ ಎಡಮೈಗೂ ಬಲಮೈಗೂ ಪಟ್ಟೆಗಳ ವಿನ್ಯಾಸ ಬೇರೆ. 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾಗಳನ್ನು ಕಟ್ಟಿ ಹುಲಿಗಳ ಸಂಖ್ಯೆ ಅಂದಾಜಿಸಿದ್ದು ಇದೇ ಪಟ್ಟೆಗಳ ಆಧಾರದಿಂದ. ಮೃಗಾಲಯದ ಹುಲಿಯ ಎರಡೂ ಬದಿಯ ಚಿತ್ರ ತೆಗೆದು ಹೋಲಿಸಿ ನೋಡಿದ ವಿದ್ಯಾರ್ಥಿಗೆ ಆ ವಿಧಾನ ಸಲೀಸಾಗಿ ಅರ್ಥವಾಗುತ್ತದೆ.

ಚಿತ್ರಕ್ಕಾಗಿ ಪ್ರಾಣಿಯನ್ನು ಎಬ್ಬಿಸುವುದು, ಕೂಗುವುದು, ಗಾಜು ತಟ್ಟುವುದು, ಕಡಲೆಕಾಯಿ ಎಸೆಯುವುದು ತಪ್ಪು, ಕಾನೂನಿನ ಪ್ರಕಾರವೂ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ವಿಧಿ ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಅವಕ್ಕೆ ತಿನ್ನಲು ಕೊಡುವುದು, ಸದ್ದು ಮಾಡಿ ಕಾಡುವುದು, ಕಸ ಹಾಕುವುದು ಎಲ್ಲವನ್ನೂ ನಿಷೇಧಿಸುತ್ತದೆ. ಫ್ಲ್ಯಾಶ್ ಬಳಸದಿರುವುದಕ್ಕೆ ಛಾಯಾಚಿತ್ರಣದ ಕಾರಣವೂ ಇದೆ. ರಾತ್ರಿಯಲ್ಲಿ ಓಡಾಡುವ ಪ್ರಾಣಿಗಳಲ್ಲಿ ಹಲವಕ್ಕೆ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರವಿರುತ್ತದೆ. ಫ್ಲ್ಯಾಶಿನ ಬೆಳಕು ಅದಕ್ಕೆ ಬಡಿದು ವಾಪಸಾಗಿ ಚಿತ್ರದಲ್ಲಿ ಕಣ್ಣಿನ ಜಾಗದಲ್ಲಿ ಹಸಿರು ಬಲ್ಬುಗಳು ಮೂಡುತ್ತವೆ. ಮಂದಬೆಳಕಿಗೆ ಹೊಂದಿಕೊಂಡ ಆ ಕಣ್ಣುಗಳಿಗೆ ಜನರ ಸಾಲಿನಿಂದ ಒಂದರ ಹಿಂದೊಂದು ಹೊಳೆಯುವ ಮಿಂಚು ಹಿಂಸೆ.

ದಿಟ್ಟಿಸಿ ನೋಡುವುದೂ ಕೆಲವು ಪ್ರಾಣಿಗಳಿಗೆ ಸವಾಲಿನಂತೆ ತೋರುತ್ತದೆ. ಗೊರಿಲ್ಲಾಗಳ ನಡುವೆ ನೇರದೃಷ್ಟಿ ಬೆದರಿಕೆಯ ಗುರುತು. 2007ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಮೃಗಾಲಯದಲ್ಲಿ ಬೊಕಿಟೊ ಎಂಬ ಗಂಡು ಗೊರಿಲ್ಲಾ ಕಂದಕ ದಾಟಿ ಬಂದು ಮಹಿಳೆಯೊಬ್ಬರನ್ನು ತೀವ್ರವಾಗಿ ಗಾಯಗೊಳಿಸಿತು. ಅವರು ಮತ್ತೆ ಮತ್ತೆ ಬಂದು ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದವರು. ಮೈಸೂರಿಗೆ 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಬಂದಿವೆ. ಅವುಗಳ ಮುಂದೆ ನಿಂತವರು ಲೆನ್ಸನ್ನು ಒಂದೇ ಸಮನೆ ಮುಖಕ್ಕೆ ಗುರಿಯಿಡದೆ, ಆಗಾಗ ಕೆಳಗಿಳಿಸಿ, ನೋಟ ಬೇರೆಡೆ ತಿರುಗಿಸುವುದು ಸೌಜನ್ಯ.

ಚಿತ್ರ ತೆಗೆದ ಮೇಲೆ ಅದರ ಬಗ್ಗೆ ಏನು ಬರೆಯಬೇಕು ಎಂಬುದು ಕೊನೆಯ ಪ್ರಶ್ನೆ. ಅದು ಹಗುರವಾದ ಪ್ರಶ್ನೆಯೇನಲ್ಲ. 2009ರಲ್ಲಿ ಲಂಡನ್ನಿನ ಪ್ರತಿಷ್ಠಿತ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ ಬೇಲಿ ಹಾರುವ ತೋಳದ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಆ ತೋಳ ಸ್ಪೇನಿನ ಪ್ರಾಣಿ ಉದ್ಯಾನವೊಂದರಲ್ಲಿ ಪಳಗಿದ್ದು ಎಂಬ ಆಕ್ಷೇಪ ಬಂದು, ಛಾಯಾಗ್ರಾಹಕರು ಅದನ್ನು ನಿರಾಕರಿಸಿದರೂ ತೀರ್ಪುಗಾರರು ಒಪ್ಪದೆ, 2010ರ ಜನವರಿಯಲ್ಲಿ ಬಹುಮಾನವನ್ನು ಹಿಂದಕ್ಕೆ ಪಡೆಯಲಾಯಿತು. ಸೆರೆಯಲ್ಲಿರುವ ಪ್ರಾಣಿಯನ್ನು ಕಾಡಿನದೆಂದು ತೋರಿಸುವುದು ನೋಡುಗರಿಗೂ ಮೋಸ, ಬಿಸಿಲು ಮಳೆಯಲ್ಲಿ ಕಾದು ಕಾಡಿನಲ್ಲಿ ಚಿತ್ರ ತೆಗೆದವರಿಗೂ ಅನ್ಯಾಯ. ಮೈಸೂರಿನಲ್ಲಿ ಈ ವಿಷಯಕ್ಕೆ ಒಂದು ವಿಶೇಷ ತಿರುವಿದೆ: ಕಾರಂಜಿ ಕೆರೆಯಲ್ಲಿ ಪಂಜರದೊಳಗಿನ ಹಕ್ಕಿಗಳ ಜೊತೆಗೆ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳಂಥ ಸ್ವತಂತ್ರ ಹಕ್ಕಿಗಳೂ ಇರುತ್ತವೆ. ಚಿತ್ರದಲ್ಲಿರುವುದು ಯಾವುದೆಂದು ಅಡಿಟಿಪ್ಪಣಿ ಹೇಳದಿದ್ದರೆ ನೋಡುಗರಿಗೆ ತಿಳಿಯುವ ದಾರಿಯಿಲ್ಲ. ಬಿಳಿ ಹುಲಿಯನ್ನು ಬೇರೆಯೇ ಒಂದು ಜಾತಿಯೆಂದು ಬರೆಯುವುದೂ ತಪ್ಪು. 1951ರಲ್ಲಿ ಹಿಂದಿನ ರೇವಾ ಸಂಸ್ಥಾನದ ಕಾಡಿನಲ್ಲಿ ಹಿಡಿದ ಮೋಹನ್ ಎಂಬ ಹುಲಿಯ ಸಂತಾನವನ್ನು ರಕ್ತಸಂಬಂಧದೊಳಗೇ ಕೂಡಿಸಿ ಬೆಳೆಸಿದ ಬಣ್ಣಭೇದ ಅದು.

ಗೋಡೆ, ಸರಳು, ಜನರನ್ನು ಚಿತ್ರದಿಂದ ದೂರವಿಡಲೇಬೇಕೆಂಬ ನಿಯಮವೇನೂ ಇಲ್ಲ. ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೊಗ್ರ್ಯಾಂಡ್ 1960ರ ದಶಕದಲ್ಲಿ ನ್ಯೂಯಾರ್ಕಿನ ಮೃಗಾಲಯದಲ್ಲಿ ಪ್ರಾಣಿಗಳನ್ನೂ ಅವನ್ನು ನೋಡಲು ಬಂದವರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದ. 1969ರಲ್ಲಿ ಪುಸ್ತಕವಾದ ಆ ಕಪ್ಪುಬಿಳುಪು ಚಿತ್ರಗಳು ಛಾಯಾಚಿತ್ರಣದ ಚರಿತ್ರೆಯಲ್ಲಿ ಸ್ಥಾನ ಪಡೆದಿವೆ. ಆನೆಯ ಕಾಲಿನ ಉಗುರು ತೊಳೆಯುವ ಪಾಲಕರು, ಜಿರಾಫೆಯನ್ನು ಮೊದಲ ಸಲ ಕಂಡ ಹಳ್ಳಿಯ ಅಜ್ಜಿ, ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಸುತ್ತುವ ಬೇಸತ್ತ ಪ್ರಾಣಿ, ಇವೆಲ್ಲ ಮೃಗಾಲಯದ ನಿಜಗಳೇ. ಪ್ರಾಣಿಯ ಹೆಸರು, ಸ್ಥಳ, ತಾರೀಖು, ಅದು ಸೆರೆಯಲ್ಲಿದ್ದದ್ದು ಎಂಬ ಮಾತು, ತಿಳಿದಿದ್ದರೆ ಆ ಒಂದು ಪ್ರಾಣಿಗೆ ಇಟ್ಟ ಹೆಸರು, ಇಷ್ಟನ್ನು ಪ್ರತಿ ಚಿತ್ರದ ಜೊತೆ ಆ ದಿನವೇ ಬರೆದಿಡಬೇಕು. ಲಂಡನ್ನಿನ ಕ್ವಾಗಾ ಚಿತ್ರಗಳನ್ನು ತೆಗೆದ ನಿಖರ ವರ್ಷಗಳನ್ನು ಸಂಶೋಧಕರು ಇಂದಿಗೂ ಊಹಿಸಬೇಕಾಗಿರುವುದು ಆಗ ಅಂಥ ಟಿಪ್ಪಣಿ ಪೂರ್ತಿಯಾಗಿ ಉಳಿಯದ ಕಾರಣದಿಂದ.